ಅನಿರ್ಧಾರ್ಯ ರೂಪಗಳೂ ನಿಷ್ಪನ್ನದ ನಿಯಮವೂ

ಸೊನ್ನೆಯಿಂದ ಭಾಗಿಸಲಾಗದೆಂಬುದು ಪ್ರೌಢಶಾಲೆಯ ಬಾಲಕನಿಗೂ ತಿಳಿದ ವಿಷಯ. ಆದರೆ ಕಲನಶಾಸ್ತ್ರವನ್ನು ಪ್ರವೇಶಿಸಿದೊಡನೆ ಅಂಶ ಮತ್ತು ಛೇದಗಳೆರಡೂ ಏಕಕಾಲದಲ್ಲಿ ಸೊನ್ನೆಯತ್ತ ಸರಿಯುವ ಭಿನ್ನರಾಶಿಗಳು ಎದುರಾಗುತ್ತವೆ. ಅಂಥ ರಾಶಿಯ ಬೆಲೆ ಒಂದಾಗಬಹುದು, ನೂರಾಗಬಹುದು, ಮೇರೆ ಮೀರಿ ಬೆಳೆಯಲೂಬಹುದು. ಅನಿರ್ಧಾರ್ಯ ರೂಪವೆಂಬ ಹೆಸರು ಬಂದುದು ಇದರಿಂದಲೇ. ಎರಡೂ ಸೊನ್ನೆಯನ್ನು ಸೇರುವಾಗ ಯಾವುದು ಎಷ್ಟು ವೇಗದಿಂದ ಕುಗ್ಗುತ್ತದೆಂಬುದರಲ್ಲಿ ಉತ್ತರವಡಗಿದೆ. ವೇಗವನ್ನಳೆಯುವ ಸಾಧನವೇ ನಿಷ್ಪನ್ನ. ಅಂಶವನ್ನೂ ಛೇದವನ್ನೂ ಬೇರೆಬೇರೆಯಾಗಿ ಅವಕಲಿಸಿದಾಗ ಆ ನಿಷ್ಪನ್ನಗಳ ಭಾಗಲಬ್ಧಕ್ಕೆ ಪರಿಮಿತಿಯಿದ್ದರೆ, ಮೂಲ ಭಿನ್ನರಾಶಿಯ ಪರಿಮಿತಿಯೂ ಅದೇ. ಇಡೀ ಭಿನ್ನವನ್ನು ಭಾಗಾಕಾರದ ಸೂತ್ರದಿಂದ ಅವಕಲಿಸುವುದು ವಿದ್ಯಾರ್ಥಿಗಳ ಸಾಮಾನ್ಯ ಪ್ರಮಾದ.

ಕ್ಷ ಎಂಬ ಕೋನವು (ರೇಡಿಯನ್‌ಗಳಲ್ಲಿ) ಸೊನ್ನೆಯನ್ನು ಸಮೀಪಿಸುವಾಗ (1 − ಕೊಸೈನ್ ಕ್ಷ) / ಕ್ಷ² ಎಂಬುದನ್ನು ಪರಿಶೀಲಿಸೋಣ. ಒಮ್ಮೆ ಅವಕಲಿಸಿದರೆ ಸೈನ್ ಕ್ಷ / 2ಕ್ಷ; ಅದೂ ಅನಿರ್ಧಾರ್ಯವೇ. ಮತ್ತೊಮ್ಮೆ ಅವಕಲಿಸಿದರೆ ಕೊಸೈನ್ ಕ್ಷ / 2, ಅಂದರೆ ಪರಿಮಿತಿ 1/2. ಕ್ಷ = 0.1 ಎಂದಿಟ್ಟು ಲೆಕ್ಕಮಾಡಿದರೆ 0.4996 ಬರುತ್ತದೆ.

ಈ ನಿಯಮಕ್ಕೆ ಫ್ರಾನ್ಸಿನ ಶ್ರೀಮಂತ ಗಣಿತಪ್ರೇಮಿ ಲೊಪಿತಾಲನ ಹೆಸರಿದೆ. 1696ರಲ್ಲಿ ಅಚ್ಚಾದ ಆತನ ಗ್ರಂಥವೇ ಅವಕಲನಶಾಸ್ತ್ರದ ಪ್ರಥಮ ಮುದ್ರಿತ ಪಠ್ಯಪುಸ್ತಕ. ಆದರೆ ನಿಯಮವನ್ನು ಕಂಡವನು ಆತನ ಗುರು ಯೋಹಾನ್ ಬರ್ನೂಲಿ. 1694ರಲ್ಲಿ ಲೊಪಿತಾಲನು ವರ್ಷಕ್ಕೆ 300 ಲೀವ್ರ್ ಸಂಭಾವನೆಯಿತ್ತು, ಹೊಸ ಶೋಧಗಳನ್ನು ತನಗೆ ತಿಳಿಸಬೇಕು, ಅನ್ಯರಿಗೆ ತಿಳಿಸಬಾರದು ಎಂದು ಕೋರಿದ. ಮುನ್ನುಡಿಯಲ್ಲಿ ಬರ್ನೂಲಿಯ ಋಣವನ್ನು ಸ್ಮರಿಸಿದ್ದಾನೆ, ನಿಜ. ಆದರೆ ಈ ನಿಯಮ ಯಾರದೆಂದು ಬಿಡಿಸಿ ಹೇಳಲಿಲ್ಲ. ಲೊಪಿತಾಲನು 1704ರಲ್ಲಿ ತೀರಿಕೊಂಡ ಬಳಿಕ ಬರ್ನೂಲಿ ತನ್ನ ಹಕ್ಕನ್ನು ಸಾರಿದರೂ ನಂಬಿದವರು ವಿರಳ. 1955ರಲ್ಲಿ ಅವರ ಪತ್ರವ್ಯವಹಾರ ಪ್ರಕಟವಾದಾಗ ಸಂಶಯ ನೀಗಿತು. ಧನವಿತ್ತವನ ಹೆಸರು ಮಾತ್ರ ನಿಯಮಕ್ಕೆ ಹಾಗೆಯೇ ಉಳಿದಿದೆ.

ಅಧ್ಯಾಪಕರು ಎರಡು ಎಡೆಗಳಲ್ಲಿ ಎಚ್ಚರ ವಹಿಸಬೇಕಾಗುತ್ತದೆ. ಕ್ಷ ವು 1ನ್ನು ಸಮೀಪಿಸುವಾಗ (ಕ್ಷ² + 1) / (ಕ್ಷ + 2) ಇದರ ಬೆಲೆ ನೇರವಾಗಿ 2/3. ರೂಪವನ್ನು ಪರೀಕ್ಷಿಸದೆ ಅವಕಲಿಸಿದವನಿಗೆ 2 ಎಂಬ ತಪ್ಪುತ್ತರ ದೊರೆಯುತ್ತದೆ, ಆದರೆ ಹಂತಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಎರಡನೆಯದು ಇನ್ನೂ ಸೂಕ್ಷ್ಮ. ಸೈನ್ ಕ್ಷ / ಕ್ಷ ದ ಪರಿಮಿತಿ 1 ಎಂದು ಈ ನಿಯಮದಿಂದ ಕ್ಷಣದಲ್ಲಿ ಹೇಳಬಹುದು. ಆದರೆ ಸೈನಿನ ನಿಷ್ಪನ್ನ ಕೊಸೈನ್ ಎಂದು ಸಾಧಿಸುವುದಕ್ಕೇ ಆ ಪರಿಮಿತಿ ಬೇಕು. ಸಾಧಿಸಬೇಕಾದುದನ್ನೇ ಆಧಾರವಾಗಿ ಹಿಡಿದಂತಾಯಿತು. ಆದ್ದರಿಂದ ಅದನ್ನು ವೃತ್ತಖಂಡ ಮತ್ತು ತ್ರಿಕೋನಗಳ ವಿಸ್ತೀರ್ಣಗಳ ಹೋಲಿಕೆಯಿಂದ ಮೊದಲೇ ಕಪ್ಪುಹಲಗೆಯ ಮೇಲೆ ಸಾಧಿಸಿ ತೋರಿಸಿರಬೇಕು.