ರಾಷ್ಟ್ರಪತಿಯ ಬಾವುಟಕ್ಕೆ ನಾಲ್ಕು ಚಿತ್ರ ಸಿಕ್ಕಿದ ಬಗೆ

1950ರ ಜನವರಿ 26ರಂದು ದೇಶ ಗಣರಾಜ್ಯವಾದಾಗ ಗವರ್ನರ್ ಜನರಲ್ ಹುದ್ದೆಯ ಜೊತೆಗೇ ಅದರ ಬಾವುಟವೂ ಮೂಲೆ ಸೇರಿತು. ಕಡುನೀಲಿ ಬಟ್ಟೆ, ನಡುವೆ ಬ್ರಿಟಿಷ್ ಕಿರೀಟ, ಕಿರೀಟದ ಮೇಲೊಂದು ಸಿಂಹ, ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಇಂಡಿಯಾ’. ಸ್ವಾತಂತ್ರ್ಯ ಬಂದ ಮೇಲೂ ಮೌಂಟ್‌ಬ್ಯಾಟನ್ ಮತ್ತು ರಾಜಾಜಿ ಇಬ್ಬರ ಹುದ್ದೆಯ ಗುರುತೂ ಇದೇ ಆಗಿತ್ತು.

ಅದರ ಜಾಗಕ್ಕೆ ಬಂದದ್ದು ರಾಷ್ಟ್ರಪತಿಯ ಸ್ವಂತ ಬಾವುಟ. ಬಟ್ಟೆಯನ್ನು ನಾಲ್ಕು ಮನೆಗಳಾಗಿ ಸೀಳಿ, ಒಂದು ನೀಲಿ ಒಂದು ಕೆಂಪು ಎಂಬಂತೆ ಎದುರುಬದುರು ಬಣ್ಣ ತುಂಬಿದ್ದರು. ಪ್ರತಿ ಮನೆಯಲ್ಲೂ ಬಂಗಾರದ ಬಣ್ಣದ ಒಂದೊಂದು ಚಿತ್ರ: ಅಶೋಕನ ಸಿಂಹಗಳು, ಆನೆ, ತಕ್ಕಡಿ, ತಾವರೆಯ ಕುಂಭ. ನಾಲ್ಕು ಮನೆಯ ಈ ಕಟ್ಟು ಬ್ರಿಟನ್ನಿನ ರಾಜಧ್ವಜದಲ್ಲೂ ಇದೆ. ಚೌಕಟ್ಟು ಅವರದೇ ಉಳಿಯಿತು, ಒಳಗಿನದ್ದು ಮಾತ್ರ ನಮ್ಮದು ಎಂದು ಯಾರಾದರೂ ಮೂಗು ಮುರಿದರೆ ಇಲ್ಲವೆನ್ನಲಾಗದು. ಆದರೆ ಆ ಒಳಗಿನದ್ದು ಒದಗಿಬಂದ ಬಗೆ ಸ್ವಾರಸ್ಯದ್ದು.

ಎರಡು ಚಿತ್ರಗಳ ತವರು ಸಾರನಾಥ. 1794ರಲ್ಲಿ ಅದು ಕಾಶಿಯವರ ಪಾಲಿಗೆ ಇಟ್ಟಿಗೆಯ ದಿಬ್ಬ. ರಾಜಾ ಚೇತ್ ಸಿಂಗನ ದಿವಾನನಾಗಿದ್ದ ಜಗತ್ ಸಿಂಗ್ ಪೇಟೆ ಕಟ್ಟಿಸಲೆಂದು ಅಲ್ಲಿನ ದೊಡ್ಡ ಸ್ತೂಪವೊಂದನ್ನು ಕೀಳಿಸಿ ಇಟ್ಟಿಗೆ ಸಾಗಿಸಿದ. ಕಲ್ಲಿನ ಪೆಟ್ಟಿಗೆಯೊಳಗೆ ಅಸ್ಥಿಯ ಕರಂಡಕ ಸಿಕ್ಕಿದ್ದು ಆಗಲೇ. ಮುಂದೆ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ 1830ರ ದಶಕದಲ್ಲಿ ಅಗೆಸಿದರು. ಅಲ್ಲಿಂದ ಹೊತ್ತೊಯ್ದ ನಲವತ್ತೆಂಟು ವಿಗ್ರಹಗಳು ವರುಣಾ ನದಿಯ ಸೇತುವೆಯ ಕೆಲಸಕ್ಕೆ ಕಲ್ಲಾಗಿ ಬಿದ್ದವೆಂದು ಬರೆದಿಟ್ಟವರೂ ಅವರೇ. ಸಿಂಹಗಳು ನೀರುಪಾಲಾಗದೆ ಉಳಿದದ್ದು ಮಣ್ಣಿನಡಿ ಇದ್ದದ್ದರಿಂದ.

ಅವನ್ನು ಹೊರತೆಗೆದವರು ಪುರಾತತ್ವ ಇಲಾಖೆಯವರೂ ಅಲ್ಲ. ಫ್ರೆಡ್ರಿಕ್ ಆಸ್ಕರ್ ಓರ್ಟೆಲ್ ಜರ್ಮನಿಯಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಲೋಕೋಪಯೋಗಿ ಇಲಾಖೆಯಲ್ಲಿದ್ದವರು. 1904-05ರ ಚಳಿಗಾಲದಲ್ಲಿ ಮುಖ್ಯ ದೇಗುಲದ ಪಶ್ಚಿಮಕ್ಕೆ ಅಗೆಸುವಾಗ ಅಶೋಕನ ಕಂಬದ ಬುಡ ನಿಂತಲ್ಲೇ ಸಿಕ್ಕಿತು. ಸಂಘ ಒಡೆಯುವವರಿಗೆ ಅಶೋಕ ಕೊಟ್ಟ ಎಚ್ಚರಿಕೆ ಅದರ ಮೇಲಿತ್ತು. ಹತ್ತಿರದಲ್ಲೇ ಏಳು ಅಡಿ ಎತ್ತರದ ಬೋದಿಗೆ: ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ಸಿಂಹ, ಅವುಗಳ ಅಡಿಯ ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಸಿಂಹ, ನಡುನಡುವೆ ಚಕ್ರ. ಎರಡು ಸಾವಿರ ವರ್ಷ ಕಳೆದರೂ ಚುನಾರ್ ಮರಳುಗಲ್ಲಿನ ಹೊಳಪು ಮಾಸಿರಲಿಲ್ಲ. ತಾವರೆಯ ಕುಂಭವೂ ಸಾರನಾಥದ ಶಿಲ್ಪದಿಂದಲೇ ಬಂತು. ಸಮೃದ್ಧಿಯ ಗುರುತು ಎಂದು ಅದಕ್ಕೆ ಅರ್ಥ ಹೇಳಿದರು. ಬಾಗಿಲಲ್ಲಿ ಪೂರ್ಣಕುಂಭ ಹಿಡಿದು ಬರಮಾಡಿಕೊಳ್ಳುವ ನಮಗೆ ಆ ವಿವರಣೆ ಬೇಕಿರಲಿಲ್ಲ.

ಆನೆ ಅಜಂತೆಯದು. 1819ರ ಏಪ್ರಿಲ್ 28ರಂದು ಹುಲಿ ಬೇಟೆಗೆ ಹೋದ ಮದ್ರಾಸ್ ಸೈನ್ಯದ ಜಾನ್ ಸ್ಮಿತ್ ಎಂಬ ಅಧಿಕಾರಿಗೆ ಬಂಡೆಯ ಮರೆಯಲ್ಲಿ ಗುಹೆ ಕಂಡಿತು. ಒಳಹೊಕ್ಕವನು ಹತ್ತನೆಯ ಗುಹೆಯ ಕಂಬದ ಚಿತ್ರದ ಮೇಲೆಯೇ ತನ್ನ ಹೆಸರು, ತಾರೀಖು ಕೆತ್ತಿದ. ಆಮೇಲಿನದ್ದು ಬೆಂಕಿಯ ಕತೆ. ರಾಬರ್ಟ್ ಗಿಲ್ ವರ್ಷಗಟ್ಟಲೆ ಕೂತು ಬರೆದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸುಟ್ಟುಹೋದವು. ಮುಂಬಯಿಯ ಜಾನ್ ಗ್ರಿಫಿತ್ಸ್ ತಂಡದ ಪ್ರತಿಗಳಲ್ಲೂ ಹಲವು 1885ರಲ್ಲಿ ಅದೇ ನಗರದಲ್ಲಿ ಬೆಂಕಿಗೆ ಹೋದವು. 1909ರಿಂದ 1911ರವರೆಗಿನ ಚಳಿಗಾಲಗಳಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ಮತ್ತೆ ಪ್ರತಿ ತೆಗೆಯಲು ಬಂದಾಗ ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರು ನೆರವಿಗೆ ಹೋದರು. ಅವರಲ್ಲಿ ನಂದಲಾಲ್ ಬೋಸ್ ಇದ್ದರು, ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು.

ಈ ನಂದಲಾಲರೇ ನಲವತ್ತು ವರ್ಷಗಳ ಬಳಿಕ ಶಾಂತಿನಿಕೇತನದಲ್ಲಿ ಸಂವಿಧಾನದ ಪುಟಗಳನ್ನು ಚಿತ್ರಿಸುವ ಹೊಣೆ ಹೊತ್ತರು. ಅದರಲ್ಲಿ ಅಶೋಕನ ಸಿಂಹಗಳನ್ನು ಬರೆದದ್ದು ಅವರ ವಿದ್ಯಾರ್ಥಿ ದೀನಾನಾಥ ಭಾರ್ಗವ. ಕಲ್ಲಿನ ಸಿಂಹದ ಗತ್ತು ಹಿಡಿಯಲು ಹುಡುಗ ಕಲ್ಕತ್ತೆಯ ಮೃಗಾಲಯಕ್ಕೆ ಹೋಗಿ ಜೀವಂತ ಸಿಂಹಗಳ ಮುಂದೆ ನಿಂತಿದ್ದನಂತೆ. ಅಗೆದು ತೆಗೆಯುವುದು ಒಂದು ಕೆಲಸ, ತೆಗೆದದ್ದನ್ನು ಗೆರೆಗೆ ಇಳಿಸಿ ಬಳಕೆಗೆ ತರುವುದು ಇನ್ನೊಂದು. ಎರಡನೆಯದಿಲ್ಲದೆ ಈ ಚಿತ್ರಗಳು ಮ್ಯೂಸಿಯಮ್ಮಿನಾಚೆ ಬರುತ್ತಿರಲಿಲ್ಲ.

ತಕ್ಕಡಿಯನ್ನು ಮಾತ್ರ ಯಾರೂ ಹುಡುಕಬೇಕಿರಲಿಲ್ಲ. ದೆಹಲಿಯ ಕೆಂಪುಕೋಟೆಯ ಖಾಸ್ ಮಹಲಿನಲ್ಲಿ, ಕಾಲುವೆಯ ಮೇಲಿನ ಅಮೃತಶಿಲೆಯ ಜಾಲಂಧ್ರದಲ್ಲಿ ಷಹಜಹಾನನ ಕಾಲದಿಂದಲೂ ಅದು ಕಣ್ಣೆದುರೇ ಇತ್ತು. ಅದರ ಪಕ್ಕದ ದಿವಾನ್-ಇ-ಖಾಸ್‌ನಲ್ಲೇ 1858ರಲ್ಲಿ ಕಂಪನಿಯವರು ಬಹಾದುರ್ ಷಾ ಜಫರನನ್ನು, ಅವನದೇ ಅರಮನೆಯಲ್ಲಿ ಆರೋಪಿಯಾಗಿ ನಿಲ್ಲಿಸಿ ವಿಚಾರಣೆ ನಡೆಸಿದ್ದು.

ರಾಜೇಂದ್ರ ಪ್ರಸಾದರಿಂದ ವಿ.ವಿ. ಗಿರಿಯವರವರೆಗೆ ನಾಲ್ವರು ರಾಷ್ಟ್ರಪತಿಗಳಿಗೆ ಈ ಬಾವುಟ ನಡೆಯಿತು. 1971ರ ಆಗಸ್ಟ್ 15ರಂದು ಅದನ್ನು ಕೈಬಿಟ್ಟು ತ್ರಿವರ್ಣವನ್ನೇ ಬಳಕೆಗೆ ತಂದರು. ಜನರಿಗೊಂದು ಬಾವುಟ, ಹುದ್ದೆಗೊಂದು ಬಾವುಟ ಎಂಬುದು ಅರಸೊತ್ತಿಗೆಯ ರೂಢಿ. ಅದು ಹೋದದ್ದೇ ಸರಿ ಎಂದು ನನಗನಿಸುತ್ತದೆ, ಆನೆಯೂ ಕುಂಭವೂ ಮರೆವಿಗೆ ಸರಿದ ಬಗ್ಗೆ ಸ್ವಲ್ಪ ಬೇಸರವಿದ್ದರೂ.

ಬಾವುಟ ಹೋದರೂ ಶಿಷ್ಟಾಚಾರ ಹೋಗಲಿಲ್ಲ, ಅದು ತ್ರಿವರ್ಣಕ್ಕೆ ಅಂಟಿಕೊಂಡಿತು. ಧ್ವಜಸಂಹಿತೆಯ ಪ್ರಕಾರ ರಾಷ್ಟ್ರಪತಿಯಾಗಲಿ ರಾಜ್ಯಪಾಲರಾಗಲಿ ಕೇಂದ್ರಸ್ಥಾನ ಬಿಟ್ಟು ಹೊರಟರೆ ನಿವಾಸದ ಮೇಲಿನ ಧ್ವಜ ಇಳಿಯಬೇಕು, ಮರಳಿ ಮುಖ್ಯದ್ವಾರ ಹೊಕ್ಕಾಗ ಮತ್ತೆ ಏರಬೇಕು. ಬೆಂಗಳೂರಿನ ರಾಜ್ಯಪಾಲರ ನಿವಾಸಕ್ಕೂ ಇದೇ ನಿಯಮ. ಗಣ್ಯರ ಕಾರಿನ ಧ್ವಜದ ಅಳತೆ 225 ಮತ್ತು 150 ಮಿಲಿಮೀಟರ್. ಸರ್ಕಾರ ಒದಗಿಸಿದ ಕಾರಿನಲ್ಲಿ ವಿದೇಶಿ ಅತಿಥಿ ಕೂತಿದ್ದರೆ ನಮ್ಮದು ಬಲಬದಿಗೆ, ಅವರದು ಎಡಬದಿಗೆ.