ಗೋಡೆ ಕುಡಿದ ಉಸಿರು

ಅಮೆರಿಕದ ಅರಿಜೋನಾದಲ್ಲಿ, ಒರಾಕಲ್ ಎಂಬ ಊರಿನ ಬಳಿ, ಮೂರು ಎಕರೆಯಷ್ಟು ಜಾಗದಲ್ಲಿ ಗಾಜಿನ ಲೋಕವೊಂದಿದೆ. ಮಳೆಕಾಡು, ಹವಳಗಳ ಪುಟಾಣಿ ಕಡಲು, ಹುಲ್ಲುಗಾವಲು, ಹೊಲ, ಮನೆ, ಎಲ್ಲ ಒಂದೇ ಸೂರಿನಡಿ! ಭೂಮಿಯಾಚೆ ಮನುಷ್ಯ ನೆಲೆಯೂರುವುದು ಹೇಗೆಂದು ಭೂಮಿಯ ಮೇಲೆಯೇ ಕಟ್ಟಿ ನೋಡಿದ ಬಯೋಸ್ಫಿಯರ್ 2 ಇದೇ. 1991ರ ಸೆಪ್ಟೆಂಬರ್ 26ರಂದು ನಾಲ್ವರು ಗಂಡಸರು, ನಾಲ್ವರು ಹೆಂಗಸರು ಒಳಹೊಕ್ಕು ಬಾಗಿಲು ಹಾಕಿಕೊಂಡರು. ಇನ್ನು ಎರಡು ವರ್ಷ ಅನ್ನ, ನೀರು, ಉಸಿರು ಎಲ್ಲವೂ ಒಳಗೇ ಹುಟ್ಟಬೇಕು.

ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದರೆ ಗಾಜು ಉಳಿದೀತೆ? ಅದಕ್ಕೆಂದೇ ಈ ಕಟ್ಟಡಕ್ಕೆ ಎರಡು ಶ್ವಾಸಕೋಶಗಳು! ಸುರಂಗದಿಂದ ಜೋಡಿಸಿದ ಗುಮ್ಮಟಗಳಲ್ಲಿ ರಬ್ಬರ್ ಪೊರೆಗೆ ಕಟ್ಟಿದ ಭಾರೀ ಲೋಹದ ತಟ್ಟೆ ಹೊತ್ತೇರಿದಂತೆ ಮೇಲೇರುತ್ತಿತ್ತು, ತಂಪಾದಂತೆ ಇಳಿಯುತ್ತಿತ್ತು.

ಇಷ್ಟೆಲ್ಲ ಜೋಪಾನದ ನಡುವೆ ಆಮ್ಲಜನಕ ಕಾಣೆಯಾಗತೊಡಗಿತು. 16 ತಿಂಗಳಲ್ಲಿ ಶೇ 20.9ರಿಂದ ಶೇ 14.5ರ ಆಸುಪಾಸಿಗೆ ಇಳಿಯಿತು. ನಾಲ್ಕು ಸಾವಿರ ಮೀಟರ್ ಎತ್ತರದ ಬೆಟ್ಟದ ಮೇಲೆ ಉಸಿರಾಡಿದ ಹಾಗೆ! ಮಲಗಿದರೆ ನಿದ್ದೆಯಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಲೇಬೇಕಾಯಿತು.

ಹೋದದ್ದೆಲ್ಲಿಗೆ? ಹುಲುಸಾದ ಗೊಬ್ಬರದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನುಂಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು, ಸರಿ. ಹಾಗಾದರೆ ಆ ಡೈಆಕ್ಸೈಡ್ ಅಷ್ಟೇ ಪ್ರಮಾಣದಲ್ಲಿ ಗಾಳಿಯಲ್ಲಿ ತುಂಬಬೇಕಿತ್ತು. ತುಂಬಿರಲಿಲ್ಲ! ಗಿಡಗಳು ಹೀರಿದ್ದರೆ ಆಮ್ಲಜನಕ ಮರಳಿ ಬರುತ್ತಿತ್ತು. ಅದೂ ಇಲ್ಲ. ವಿಜ್ಞಾನಿಗಳಾದ ಜೆಫ್ ಸೆವೆರಿಂಗ್‌ಹಾಸ್, ವಾಲೆಸ್ ಬ್ರೋಕರ್ ಮತ್ತು ಸಂಗಡಿಗರು ಲೆಕ್ಕದ ಬೆನ್ನು ಹತ್ತಿದರು. ಕೊನೆಗೆ ಸಿಕ್ಕ ಕಳ್ಳ ಯಾರೂ ಅನುಮಾನಿಸದ ಕಾಂಕ್ರೀಟ್!

ಮಣ್ಣಿನ ಗೋಡೆಗೆ ಬಳಿದ ಸುಣ್ಣ ಗಾಳಿ ಕುಡಿದು ಗಟ್ಟಿಯಾಗುತ್ತದಲ್ಲ, ಅದೇ ರಸಾಯನ. ಕಾಂಕ್ರೀಟಿನೊಳಗಿನ ಸುಣ್ಣ ಡೈಆಕ್ಸೈಡನ್ನು ಹಿಡಿದು ಸುಣ್ಣಕಲ್ಲಾಗುತ್ತಿತ್ತು, ಅದರೊಂದಿಗೆ ಆ ಎಂಟು ಜನರ ಆಮ್ಲಜನಕವೂ ಕಲ್ಲಿನಲ್ಲಿ ಸೆರೆಯಾಗುತ್ತಿತ್ತು. ಅಬ್ಬಾ! ಹೊರಗಿನ ಭೂಮಿಯಲ್ಲೂ ಪ್ರತಿ ಕಾಂಕ್ರೀಟ್ ಗೋಡೆ ಹೀಗೇ ಉಸಿರು ಹೀರುತ್ತಿದೆ. ಮೇಲಿನ ವಾಯುಮಂಡಲ ಅಗಾಧವಾದ್ದರಿಂದ ನಮಗದು ತಿಳಿಯುವುದಿಲ್ಲ, ಅಷ್ಟೆ. ಚಂದ್ರನ ಮೇಲೆ ಮನೆ ಕಟ್ಟುವವರು ಎಷ್ಟು ಗಿಡ, ಎಷ್ಟು ಮಂದಿ ಎಂದು ಎಣಿಸಿದಷ್ಟೇ ಶ್ರದ್ಧೆಯಿಂದ ಗೋಡೆಯ ಹಸಿವನ್ನೂ ಎಣಿಸಬೇಕು.

ಆ ಎಂಟು ಮಂದಿ ಉತ್ತು ಬೆಳೆದು ಉಂಡ ಹೊಲವೀಗ ಇಲ್ಲ. ಅಲ್ಲಿ ಅರಿಜೋನಾ ವಿಶ್ವವಿದ್ಯಾಲಯ ಪುಡಿ ಮಾಡಿದ ಬಸಾಲ್ಟ್ ಕಲ್ಲಿನ ಮೂರು ಇಳಿಜಾರುಗಳನ್ನು ಕಟ್ಟಿ, ಮಳೆ ಸುರಿಸಿ, ಬರಿಯ ಕಲ್ಲು ಡೈಆಕ್ಸೈಡ್ ಹೀರುತ್ತ ಹೇಗೆ ಮಣ್ಣಾಗುತ್ತದೆಂದು ಅಳೆಯುತ್ತಿದೆ. ಮಂಗಳನ ನೆಲದ ಬಹುಪಾಲೂ ಬಸಾಲ್ಟೇ!