ಮೈಲನ್ ಶಾಲೆಯ ಗೆಲುವು: ನಿಧಾನವೇ ಆಯುಧವಾದ ಪಂದ್ಯ

ದುರ್ಬಲವೆನಿಸಿದ ತಂಡವೊಂದು ಪ್ರಬಲ ತಂಡವನ್ನು ಸೋಲಿಸಿದಾಗ, ನೋಡಿದವರು ಅದನ್ನು ಅದೃಷ್ಟವೆಂದೋ ಛಲದ ಫಲವೆಂದೋ ಹೇಳಿ ಸುಮ್ಮನಾಗುವುದು ವಾಡಿಕೆ. ಅದೃಷ್ಟವೂ ಛಲವೂ ಇಲ್ಲದೆ ಅಂಥ ಗೆಲುವು ಸಾಧ್ಯವಿಲ್ಲವೆಂಬುದು ನಿಜ. ಆದರೆ ಅವೆರಡರ ಹಿಂದೆ ಕೆಲವೊಮ್ಮೆ ಒಂದು ಲೆಕ್ಕಾಚಾರವೂ ಅಡಗಿರುತ್ತದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ 1954ರ ಮಾರ್ಚ್ 20ರ ರಾತ್ರಿ ಮೈಲನ್ ಎಂಬ ಹಳ್ಳಿಯ ಪ್ರೌಢಶಾಲೆಯ ಹುಡುಗರು ಆಡಿದ ಬ್ಯಾಸ್ಕೆಟ್‌ಬಾಲ್ ಪಂದ್ಯ ಇದಕ್ಕೆ ಒಳ್ಳೆಯ ನಿದರ್ಶನ.

ಬ್ಯಾಸ್ಕೆಟ್‌ಬಾಲ್ ಆಟವನ್ನು ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು 1891ರ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ಶಾಲೆಯಲ್ಲಿ ರೂಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆದು ಆಡಿದ ಆಟವಾದುದರಿಂದ ಅದಕ್ಕೆ ಆ ಹೆಸರು. ನಮ್ಮ ದೇಶಕ್ಕೂ ಅದನ್ನು ತಂದುದು ಅದೇ ಸಂಸ್ಥೆ; 1920ರಲ್ಲಿ ಮದರಾಸಿನಲ್ಲಿ ಆರಂಭವಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಚೆನ್ನೈವಾಸಿಗಳಾದ ಓದುಗರು ಬಲ್ಲರು. ಹುಟ್ಟಿದ್ದು ಬೇರೆಡೆಯಾದರೂ ಆಟ ಬೇರೂರಿದ್ದು ಇಂಡಿಯಾನಾದ ಹಳ್ಳಿಗಳಲ್ಲಿ. ಕಾರಣ ಸರಳವಾದುದು. ಹೊಲದ ಕೆಲಸ ಮುಗಿದ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟ. ಹನ್ನೊಂದು ಜನರ ಫುಟ್‌ಬಾಲ್ ತಂಡ ಕಟ್ಟಲಾಗದ ಪುಟ್ಟ ಶಾಲೆಗೂ ಐವರು ಹುಡುಗರನ್ನು ಒದಗಿಸುವುದು ಕಷ್ಟವಲ್ಲ.

ಅಲ್ಲಿಯ ರಾಜ್ಯ ಪಂದ್ಯಾವಳಿಯ ವೈಶಿಷ್ಟ್ಯವೆಂದರೆ ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ಭೇದವಿಲ್ಲದಿದ್ದುದು. ಎಲ್ಲರಿಗೂ ಒಂದೇ ಕಣ, ಒಂದೇ ಪ್ರಶಸ್ತಿ. 1954ರಲ್ಲಿ 751 ಶಾಲೆಗಳು ಕಣಕ್ಕಿಳಿದಿದ್ದವು. ಅವುಗಳಲ್ಲಿ ಮೈಲನ್ ಶಾಲೆಯ ವಿದ್ಯಾರ್ಥಿಗಳ ಸಂಖ್ಯೆ 161. ಅದರಲ್ಲಿ ಹುಡುಗರು 73. ಊರಿನ ಜನಸಂಖ್ಯೆಯೇ ಸಾವಿರದ ಆಸುಪಾಸು. ಅಂತಿಮ ಪಂದ್ಯದಲ್ಲಿ ಎದುರಾದ ಮನ್ಸಿ ಸೆಂಟ್ರಲ್ ಶಾಲೆಯಾದರೋ ಕೈಗಾರಿಕಾ ನಗರದ್ದು, ಮೈಲನ್‌ನ ಹತ್ತು ಪಟ್ಟು ದೊಡ್ಡದು. ಅದಾಗಲೇ ನಾಲ್ಕು ಬಾರಿ ರಾಜ್ಯ ಪ್ರಶಸ್ತಿ ಗೆದ್ದಿದ್ದ ಶಾಲೆ. ಅದರ ಹುಡುಗರು ಆಳೆತ್ತರದಲ್ಲಿಯೂ ಮೇಲು.

ಹಾಗೆಂದು ಮೈಲನ್ ತಂಡವನ್ನು ಬಡಪಾಯಿಗಳ ಗುಂಪೆಂದು ಭಾವಿಸುವುದು ತಪ್ಪಾಗುತ್ತದೆ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಯೇ ಉಪ್ಪುಖಾರ ಹೆಚ್ಚು ಸೇರಿಸುತ್ತಾರೆ. ಹಿಂದಿನ ವರ್ಷ, 1953ರಲ್ಲಿ, ಇದೇ ತಂಡ ರಾಜ್ಯದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿ ನಿಂತು ಸೌತ್ ಬೆಂಡ್ ಸೆಂಟ್ರಲ್ ಶಾಲೆಗೆ ಸೋತಿತ್ತು. ಬಾಲ್ಯದಿಂದ ಒಟ್ಟಿಗೆ ಆಡಿ ಬೆಳೆದ ಹುಡುಗರು ಒಬ್ಬರ ನಡೆಯನ್ನೊಬ್ಬರು ಕಣ್ಣು ಮುಚ್ಚಿ ಬಲ್ಲವರಾಗಿದ್ದರು. ತರಬೇತುದಾರ ಮಾರ್ವಿನ್ ವುಡ್ ಇಪ್ಪತ್ತಾರರ ತರುಣ. ಬಟ್ಲರ್ ವಿಶ್ವವಿದ್ಯಾಲಯದಲ್ಲಿ ಟೋನಿ ಹಿಂಕಲ್ ಎಂಬ ಹೆಸರಾಂತ ಗುರುವಿನ ಕೈಕೆಳಗೆ ಆಡಿದ್ದ ಆತನು, ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ, ಅವಸರಪಡದೆ, ಒಳ್ಳೆಯ ಅವಕಾಶಕ್ಕಾಗಿ ಕಾಯುವ ಆಟವನ್ನು ಹುಡುಗರಿಗೆ ಕಲಿಸಿದ್ದನು.

ಅಂದು ಇಂಡಿಯಾನಾಪೊಲಿಸ್ ನಗರದ ಬಟ್ಲರ್ ಫೀಲ್ಡ್‌ಹೌಸ್‌ನಲ್ಲಿ ಸುಮಾರು ಹದಿನೈದು ಸಾವಿರ ಪ್ರೇಕ್ಷಕರು ನೆರೆದಿದ್ದರು. ಮಧ್ಯಾಹ್ನವಷ್ಟೆ ಉಪಾಂತ್ಯ ಪಂದ್ಯದಲ್ಲಿ ಟೆರೆ ಹೋಟ್ ನಗರದ ಗರ್ಸ್ಟ್‌ಮೈಯರ್ ಶಾಲೆಯನ್ನು 60-48ರಿಂದ ಮಣಿಸಿದ್ದ ಮೈಲನ್, ರಾತ್ರಿಯ ಪಂದ್ಯದ ಅರ್ಧಭಾಗ ಮುಗಿದಾಗ 23-17ರಿಂದ ಮುಂದಿತ್ತು. ಮೂರನೆಯ ಪಾದದಲ್ಲಿ ಮನ್ಸಿ ಬೆನ್ನಟ್ಟಿ ಬಂದು 26-26ಕ್ಕೆ ಸರಿಗಟ್ಟಿತು; ಕೊನೆಯ ಪಾದದಲ್ಲಿ 28-26ರಿಂದ ಮುಂದೆಯೂ ಸಾಗಿತು. ಅಲೆ ತಿರುಗಿತೆಂದು ಎಲ್ಲರೂ ಭಾವಿಸಿದ ಗಳಿಗೆ ಅದು.

ಆಗ ನಡೆದುದು ವಿಚಿತ್ರ. ಮೈಲನ್‌ನ ಬಾಬಿ ಪ್ಲಂಪ್ ಎಂಬ ಹುಡುಗ ಚೆಂಡನ್ನು ಹಿಡಿದು ಅಂಗಳದ ನಡುವೆ ನಿಂತುಬಿಟ್ಟನು. ಓಡಲಿಲ್ಲ, ಎಸೆಯಲಿಲ್ಲ, ಜೊತೆಗಾರನಿಗೆ ದಾಟಿಸಲೂ ಇಲ್ಲ. 4 ನಿಮಿಷ 13 ಸೆಕೆಂಡು! ಎಂಟು ನಿಮಿಷದ ಪಾದದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ. ಮುಂದಿರುವ ತಂಡ ಹೀಗೆ ಕಾಲ ಕಳೆಯುವುದು ಲೋಕಾರೂಢಿ. ಹಿಂದೆ ಬಿದ್ದ ತಂಡವೇ ನಿಂತುಬಿಡುವುದನ್ನು ಯಾರು ಕಂಡಿದ್ದರು? ಮನ್ಸಿಯವರಿಗೆ ಮೇಲೆ ಬೀಳುವ ಅಗತ್ಯವಿರಲಿಲ್ಲ. ಗಡಿಯಾರ ತಮ್ಮ ಪರವಾಗಿಯೇ ಓಡುತ್ತಿದೆಯೆಂದು ಅವರೂ ನಿಂತರು. ಕೊನೆಗೆ ಪ್ಲಂಪ್ ಎಸೆದ ಚೆಂಡು ಬುಟ್ಟಿ ತಪ್ಪಿತು. ಆದರೆ ಮನ್ಸಿ ಮರಳಿ ಚೆಂಡನ್ನು ಕಳೆದುಕೊಂಡಿತು. ರೇ ಕ್ರಾಫ್ಟ್ 28-28ಕ್ಕೆ ಸರಿಗಟ್ಟಿದನು. ಪ್ಲಂಪ್ ಎರಡು ಮುಕ್ತ ಎಸೆತಗಳಿಂದ 30 ಮಾಡಿದನು. ಮನ್ಸಿಯ ಜೀನ್ ಫ್ಲವರ್ಸ್ ಮತ್ತೆ ಸಮ ಮಾಡಿದನು. ಕಾಲ 18 ಸೆಕೆಂಡು ಉಳಿದಿದ್ದಾಗ ಮೈಲನ್ ವಿರಾಮ ಕೇಳಿತು. ಅನಂತರ ನಾಲ್ವರು ಒಂದು ಪಕ್ಕಕ್ಕೆ ಸರಿದು ಪ್ಲಂಪ್‌ಗೆ ಅಂಗಳ ಬಿಟ್ಟುಕೊಟ್ಟರು. ಆತನು ತನ್ನನ್ನು ಕಾಯುತ್ತಿದ್ದವನನ್ನು ಬಲಕ್ಕೆ ಎಳೆದು, ಥಟ್ಟನೆ ನಿಂತು, ಎಗರಿ ಎಸೆದನು. 32-30.

ನಿಂತುದರಿಂದ ದೊರೆತ ಲಾಭವೇನು? ದಣಿವಾರಿಸಿಕೊಳ್ಳಲು ಅವಕಾಶ ಸಿಕ್ಕಿತೆಂದು ಹೇಳುವುದುಂಟು. ಓಟ ನಿಂತ ಮೊದಲ ಒಂದೆರಡು ನಿಮಿಷಗಳಲ್ಲಿ ನಾಡಿಬಡಿತ ಬೇಗ ಇಳಿಯುತ್ತದೆಂಬುದೂ ಸತ್ಯ. ಆದರೆ ಆ ವಿಶ್ರಾಂತಿ ಎದುರಾಳಿಗಳಿಗೂ ದೊರೆಯಿತಲ್ಲ! ಅವರ ಮುನ್ನುಗ್ಗುವಿಕೆಗೆ ತಡೆ ಬಿದ್ದುದು ಒಂದು ಲಾಭವಾದರೆ, ಅದಕ್ಕಿಂತ ದೊಡ್ಡ ಲಾಭ ಗಣಿತಕ್ಕೆ ಸಂಬಂಧಿಸಿದ್ದು.

ಪ್ರಬಲ ತಂಡವೊಂದು ಚೆಂಡು ಕೈಗೆ ಬಂದ ಹತ್ತು ಸಲದಲ್ಲಿ ಐದು ಸಲ ಬುಟ್ಟಿ ಹಾಕುತ್ತದೆ, ದುರ್ಬಲ ತಂಡ ನಾಲ್ಕು ಸಲ ಹಾಕುತ್ತದೆ ಎಂದು ಊಹಿಸೋಣ. ಎರಡೂ ತಂಡಗಳಿಗೆ ಅರವತ್ತು ಅರವತ್ತು ಅವಕಾಶಗಳು ದೊರೆತರೆ, ಸಮವಾಗಿ ಮುಗಿದವನ್ನು ಬಿಟ್ಟು, ದುರ್ಬಲ ತಂಡ ಗೆಲ್ಲುವುದು ನೂರರಲ್ಲಿ ಸುಮಾರು 12 ಪಂದ್ಯ. ಅವಕಾಶಗಳನ್ನು ಇಪ್ಪತ್ತೈದಕ್ಕೆ ಇಳಿಸಿದರೆ ಅದು 21ರಷ್ಟಾಗುತ್ತದೆ. ಒಂದೊಂದೇ ಅವಕಾಶವೆಂದಾದರೆ 40ಕ್ಕೇರುತ್ತದೆ. ಆಟಗಾರರ ಶಕ್ತಿಯಲ್ಲಿ ಎಳ್ಳಷ್ಟೂ ಬದಲಾವಣೆಯಿಲ್ಲ. ಬದಲಾದುದು ಆಟದ ಉದ್ದವೊಂದೇ. ಹೆಚ್ಚು ಸಲ ತೂಗಿದಷ್ಟೂ ತಕ್ಕಡಿ ನಿಜವಾದ ತೂಕವನ್ನು ತೋರಿಸುತ್ತದೆ. ಕಡಿಮೆ ತೂಗಿದರೆ ಆಕಸ್ಮಿಕಕ್ಕೆ ಎಡೆ ಹೆಚ್ಚು. ಎರಡು ಅಂಕಗಳ ಹಿನ್ನಡೆಯಲ್ಲಿ ಪಂದ್ಯವನ್ನು ಕೊನೆಯ ಮೂರು ನಿಮಿಷಗಳಿಗೆ ಕುಗ್ಗಿಸಿದ ವುಡ್, ಎತ್ತರದ ಹುಡುಗರ ಹಲವು ಅವಕಾಶಗಳನ್ನು ಅವರ ಕಣ್ಣೆದುರೇ ಅಳಿಸಿಹಾಕಿದನು. ಇದು ಕೈಲಾಗದವರ ತಂತ್ರವೂ ಅಲ್ಲ: ಅದೇ ಮಧ್ಯಾಹ್ನ 60 ಅಂಕ ಗಳಿಸಿದ್ದ ತಂಡ, ರಾತ್ರಿ ಉತ್ತರಾರ್ಧದಲ್ಲಿ ಗಳಿಸಿದ್ದು 9 ಮಾತ್ರ.

ಮರುದಿನ ಆ ಪುಟ್ಟ ಊರಿಗೆ ವಿಜಯಿಗಳನ್ನು ಕಾಣಲು ಬಂದವರು ಮೂವತ್ತು ಸಾವಿರಕ್ಕೂ ಮೇಲೆಂದು ಅಂದಾಜು. ಈ ಗೆಲುವಿನಿಂದ ಪ್ರೇರಿತವಾಗಿ 1986ರಲ್ಲಿ 'ಹೂಸಿಯರ್ಸ್' ಎಂಬ ಚಲನಚಿತ್ರ ಬಂದಿತು. ಅದರಲ್ಲಿ ತರಬೇತುದಾರ ನಡುವಯಸ್ಸು ದಾಟಿದವನು, ಊರಿನ ಹೆಸರೂ ಬೇರೆ, ಅಂಕಗಳೂ ಬೇರೆ.

ಚಿತ್ರದಿಂದಾಗಿ ಮರೆಗೆ ಸರಿದ ಇನ್ನೊಂದು ಸಂಗತಿಯುಂಟು. ಅಂತಿಮ ಹಂತಕ್ಕೆ ಮುನ್ನ ಮೈಲನ್ 65-52ರಿಂದ ಸೋಲಿಸಿದ್ದು ಕ್ರಿಸ್ಪಸ್ ಅಟಕ್ಸ್ ಶಾಲೆಯನ್ನು. ಇಂಡಿಯಾನಾಪೊಲಿಸ್‌ನ ಕರಿಯ ಮಕ್ಕಳನ್ನು ಪ್ರತ್ಯೇಕವಾಗಿಡಲೆಂದೇ 1927ರಲ್ಲಿ ತೆರೆದ ಶಾಲೆ ಅದು. 1942ರವರೆಗೆ ಅದಕ್ಕೆ ರಾಜ್ಯ ಪಂದ್ಯಾವಳಿಯಲ್ಲಿ ಪ್ರವೇಶವೇ ಇರಲಿಲ್ಲ. ಮುಂದೆ ಜಗತ್ಪ್ರಸಿದ್ಧನಾದ ಆಸ್ಕರ್ ರಾಬರ್ಟ್‌ಸನ್ ಆ ತಂಡದಲ್ಲಿದ್ದನು. 1955ರಲ್ಲಿಯೂ 1956ರಲ್ಲಿಯೂ ಅಟಕ್ಸ್ ಪ್ರಶಸ್ತಿ ಗೆದ್ದಿತು. 1955ರ ಗೆಲುವಿನ ಮೆರವಣಿಗೆಯನ್ನು ನಗರದ ನಡುವೆ ಒಂದು ಸುತ್ತು ಹಾಕಿಸಿ, ಉತ್ಸವಕ್ಕೆ ಕರಿಯರ ಬಡಾವಣೆಯ ಉದ್ಯಾನಕ್ಕೆ ಸಾಗಹಾಕಿದರು. ಕೆಳಗಿನಿಂದ ಮೇಲೆದ್ದವರ ಕಥೆ ಬೇಕೆಂದರೆ ಚಿತ್ರ ತೆಗೆಯುವವರು ಮೊದಲು ಅತ್ತ ನೋಡಬೇಕಾಗಿತ್ತು.

ಪ್ಲಂಪ್ ನಿಂತಂತೆ ನಿಲ್ಲುವುದು ಈಗ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಾಧ್ಯವಿಲ್ಲ. ಅಮೆರಿಕದ ವೃತ್ತಿಪರ ಆಟದಲ್ಲಿ 1954ರ ಶರತ್ಕಾಲದಿಂದಲೇ 24 ಸೆಕೆಂಡುಗಳೊಳಗೆ ಚೆಂಡನ್ನು ಬುಟ್ಟಿಗೆ ಎಸೆಯಬೇಕೆಂಬ ನಿಯಮ ಬಂದಿತು. ಅಂತರರಾಷ್ಟ್ರೀಯ ಆಟದಲ್ಲಿ 1956ರಲ್ಲಿ 30 ಸೆಕೆಂಡು, 2000ದಿಂದ 24. ಇಂಡಿಯಾನಾದ ಶಾಲೆಗಳ ಒಂದೇ ಕಣದ ಪಂದ್ಯಾವಳಿಯೂ 1997ಕ್ಕೆ ಕೊನೆಗೊಂಡಿತು. ಅನಂತರ ಶಾಲೆಗಳನ್ನು ಗಾತ್ರಕ್ಕನುಗುಣವಾಗಿ ನಾಲ್ಕು ವರ್ಗಗಳಾಗಿ ಒಡೆಯಲಾಯಿತು. ನಡುವಿನ ನಲವತ್ತಮೂರು ವರ್ಷಗಳಲ್ಲಿ ಮೈಲನ್‌ನಷ್ಟು ಚಿಕ್ಕ ಶಾಲೆ ಮತ್ತೊಂದು ಗೆಲ್ಲಲಿಲ್ಲ. ಆ ಕೊನೆಯ ಪ್ರಶಸ್ತಿ ಬ್ಲೂಮಿಂಗ್ಟನ್ ನಾರ್ತ್ ಎಂಬ ನಗರದ ಶಾಲೆಗೆ ಸಂದಿತು.